ಪ್ರಶ್ನೆಯಿಂದ ಆಕರದ ಕಡೆಗೆ

1924ನೆಯ ಇಸವಿಯ ಜನವರಿಯಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಅಧ್ಯಾಪಕರೊಬ್ಬರು ತರಗತಿಯ ಕರಿಹಲಗೆಯನ್ನು ಬಿಟ್ಟು ಅಲ್ಲಿಯ ವಿಶ್ವವಿದ್ಯಾನಿಲಯದ ಗ್ರಂಥಪಾಲಕರ ಪೀಠಕ್ಕೆ ಬಂದು ಕುಳಿತರು. ಆ ಪೀಠದ ಏಕಾಂತವು ಅವರಿಗೆ ಬಹುಬೇಗನೆ ಅಸಹನೀಯವಾಯಿತು. ಪ್ರಶ್ನೆ ಕೇಳುವ ವಿದ್ಯಾರ್ಥಿಗಳಿಲ್ಲದ ಆ ಮೌನದಿಂದ ತಮ್ಮನ್ನು ಬಿಡಿಸಿ ಮರಳಿ ಪಾಠಕ್ಕೆ ಕಳುಹಿಸಿಕೊಡಬೇಕೆಂದು ಅವರು ಬಿನ್ನವಿಸಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯ ಶಾಸ್ತ್ರವನ್ನು ಅಭ್ಯಾಸಮಾಡಿ ಬರುವುದು, ಅನಂತರವೂ ಮನಸ್ಸು ಒಗ್ಗದಿದ್ದರೆ ಕಾಲೇಜಿಗೆ ಹಿಂದಿರುಗುವುದು ಎಂಬುದಾಗಿ ಒಪ್ಪಂದವಾಯಿತು. 1925ರಲ್ಲಿ ಸ್ವದೇಶಕ್ಕೆ ಮರಳಿದ ಶಿಯಾಳಿ ರಾಮಾಮೃತ ರಂಗನಾಥನ್ ಅವರು ಮತ್ತೆ ಆ ಬೇಡಿಕೆಯನ್ನು ಎತ್ತಲಿಲ್ಲ. ಇಂಗ್ಲೆಂಡಿನ ಗ್ರಂಥಾಲಯಗಳು ಸಮಾಜದ ಸಮಸ್ತ ವರ್ಗದವರಿಗೂ ಸಲ್ಲಿಸುತ್ತಿದ್ದ ಸೇವೆಯನ್ನು ಕಣ್ಣಾರೆ ಕಂಡು ಬಂದ ಅವರಿಗೆ, ತಾವು ಬಿಟ್ಟು ಬಂದ ಬೋಧನವೃತ್ತಿಯು ಗ್ರಂಥಾಲಯದಲ್ಲಿಯೂ ತಮಗಾಗಿ ಕಾದುಕೊಂಡಿದೆಯೆಂಬುದು ಸ್ಪಷ್ಟವಾಗಿದ್ದಿರಬೇಕು. 1931ರಲ್ಲಿ ಅವರು ಪ್ರಕಟಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದು ಗ್ರಂಥಗಳಿರುವುದು ಉಪಯೋಗಕ್ಕಾಗಿ ಎಂಬುದು. ಉಳಿದ ನಾಲ್ಕೂ ಅದರ ಬೆಳವಣಿಗೆಯೆಂದೇ ನಾನು ಭಾವಿಸಿದ್ದೇನೆ. ಪರಾಮರ್ಶನ ಸೇವೆಯನ್ನು ಕುರಿತು ಬರೆದ ಗ್ರಂಥದಲ್ಲಿ, ಗ್ರಂಥಾಲಯಕ್ಕೆ ಹೊಸದಾಗಿ ಬಂದವನಿಗೆ ದೀಕ್ಷೆ ಕೊಡುವ ಕಾರ್ಯವನ್ನು ಅವರು ಸೇವೆಯ ಒಂದು ಸ್ವತಂತ್ರ ಅಂಗವನ್ನಾಗಿಯೇ ಪರಿಗಣಿಸಿದರು. ಜೀವನದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಇಲ್ಲಿಯೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವೊಂದನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ದೇಹವನ್ನು ಬಿಟ್ಟ ಆ ಮಹನೀಯರ ಹೆಸರನ್ನು ನಮ್ಮ ನಾಡಿನ ಗ್ರಂಥಪಾಲಕರೆಲ್ಲರೂ ಪ್ರತಿವರ್ಷವೂ ಆಗಸ್ಟ್ 12ರಂದು ಭಕ್ತಿಯಿಂದ ಸ್ಮರಿಸುತ್ತೇವೆ. ಆದರೆ ಅವರು ಹೊರಿಸಿ ಹೋದ ಬೋಧನೆಯ ಭಾರವನ್ನು ನಾವು ಹೊತ್ತಿದ್ದೇವೆಯೇ ಎಂಬ ಪ್ರಶ್ನೆಯನ್ನು ಹಾರ ಹಾಕುವ ದಿನದಂದು ಯಾರೂ ಕೇಳುವುದಿಲ್ಲ.

ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮಾವಳಿಯು ಕಾಲೇಜಿನ ಗ್ರಂಥಪಾಲಕನನ್ನು ಅಧ್ಯಾಪಕರ ಸಾಲಿನಲ್ಲಿಯೇ ಶೈಕ್ಷಣಿಕ ಸಿಬ್ಬಂದಿಯೆಂದು ಎಣಿಸುತ್ತದೆ. ಅರ್ಹತಾ ಪರೀಕ್ಷೆಯುಂಟು, ಸಮಾನವಾದ ವೇತನಶ್ರೇಣಿಯುಂಟು. ಇಲ್ಲದಿರುವುದು ವೇಳಾಪಟ್ಟಿಯಲ್ಲಿ ಒಂದು ಗಂಟೆ. ವರ್ಷಾರಂಭದಲ್ಲಿ ಹೊಸ ವಿದ್ಯಾರ್ಥಿಗಳನ್ನು ಸಾಲಾಗಿ ಕರೆತಂದು, ಇದು ಪತ್ರಿಕೆಗಳ ವಿಭಾಗ, ಇದು ಎರವಲು ಕೊಡುವ ಮೇಜು, ಇಲ್ಲಿ ಚೀಲಗಳನ್ನಿಡತಕ್ಕದ್ದು, ಹದಿನೈದು ದಿನ ಮೀರಿದರೆ ದಂಡ ಕಟ್ಟತಕ್ಕದ್ದು ಎಂದು ಹೇಳಿ ಕಳುಹಿಸುವ ಅರ್ಧ ಗಂಟೆಯ ಪರಿಚಯವನ್ನೇ ನಾವು ಗ್ರಂಥಾಲಯ ಶಿಕ್ಷಣವೆಂದು ಕರೆದುಕೊಂಡು ಬಂದಿದ್ದೇವೆ. ಆ ಹೊತ್ತಿನಲ್ಲಿ ವಿದ್ಯಾರ್ಥಿಯ ಮನಸ್ಸಿನಲ್ಲಿ ಹುಡುಕಬೇಕಾದ ಯಾವ ವಿಷಯವೂ ಇರುವುದಿಲ್ಲವಾದುದರಿಂದ, ನಾವು ಹೇಳಿದ ಮಾತು ಹಿಡಿದುಕೊಳ್ಳಲು ಆಧಾರವಿಲ್ಲದೆ ಜಾರಿಹೋಗುತ್ತದೆ. ಅಗತ್ಯವು ಹುಟ್ಟುವ ಮುನ್ನ ಕೊಟ್ಟ ಉತ್ತರವು ಎಷ್ಟು ಸರಿಯಾಗಿದ್ದರೂ ಕಲಿಕೆಯಾಗಲಾರದು.

ಹಾಗಾದರೆ ಕಲಿಕೆಯು ಮೊದಲಾಗುವುದು ಎಲ್ಲಿಂದ? ನನ್ನ ಅನುಭವದಲ್ಲಿ, ಮೇಜಿನ ಮುಂದೆ ನಿಂತು ಅರೆಬರೆಯಾಗಿ ಕೇಳಿದ ಒಂದು ಪ್ರಶ್ನೆಯಿಂದ. ಕೋಲಾರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಇತಿಹಾಸದ ಕಿರುಪ್ರಬಂಧಕ್ಕಾಗಿ ಒಮ್ಮೆ ಬಂದಿದ್ದಳು.

“ಸಾರ್, ಬರಗಾಲದ ಮೇಲೆ ಪುಸ್ತಕ ಇದ್ಯಾ?”

“ಯಾವ ಬರಗಾಲ ತಾಯಿ? ಯಾವ ಕಾಲದ್ದು?”

“ಹಳೇದು ಸಾರ್. ಬ್ರಿಟಿಷರ ಕಾಲದ್ದು.”

“ಎಲ್ಲಿಯದು? ಇಡೀ ದೇಶದ್ದೋ, ನಮ್ಮ ಕಡೆಯದೋ?”

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಹೇಳಿದಳು: “ನಮ್ಮಜ್ಜಿ ಧಾತು ಈಶ್ವರದ ಬರ ಅಂತ ಹೇಳ್ತಿದ್ರು ಸಾರ್. ಅವರಿಗೆ ಅವರಜ್ಜಿ ಹೇಳಿದ್ದಂತೆ. ಅದು ಯಾವಾಗ ಆಯ್ತು, ಎಷ್ಟು ಜನ ಸತ್ರು ಅಂತ ತಿಳ್ಕೋಬೇಕು.”

ಅವಳಿಗೆ ಬೇಕಾಗಿದ್ದುದು ಈ ಕೊನೆಯ ಮಾತು; ಅವಳು ಮೊದಲು ಕೇಳಿದ್ದು ಬೇರೆ. ಅಮೆರಿಕದ ರಾಬರ್ಟ್ ಟೇಲರ್ ಎಂಬ ವಿದ್ವಾಂಸನು 1968ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ, ಓದುಗನ ಅಗತ್ಯವು ನಾಲ್ಕು ಹಂತಗಳನ್ನು ದಾಟಿ ಬರುತ್ತದೆಂದು ತೋರಿಸಿದ್ದಾನೆ: ಮಾತಿಗೆ ಸಿಕ್ಕದ ಒಂದು ಕೊರತೆಯಾಗಿ ಮೊದಲು ಒಳಗೆ ಮಿಡಿಯುತ್ತದೆ, ಅನಂತರ ಅಸ್ಪಷ್ಟವಾಗಿ ಮನಸ್ಸಿಗೆ ಹೊಳೆಯುತ್ತದೆ, ಆಮೇಲೆ ಒಂದು ವಾಕ್ಯದ ರೂಪವನ್ನು ತಾಳುತ್ತದೆ, ಕಟ್ಟಕಡೆಗೆ, ಈ ಗ್ರಂಥಾಲಯದಲ್ಲಿ ಏನು ಸಿಕ್ಕೀತು, ಈ ಮನುಷ್ಯನಿಗೆ ಏನು ಅರ್ಥವಾದೀತು ಎಂಬ ಊಹೆಗೆ ತಕ್ಕಂತೆ ಕುಗ್ಗಿ ನಮ್ಮ ಮೇಜಿನ ಮುಂದೆ ಬಂದು ನಿಲ್ಲುತ್ತದೆ. ನಾವು ಆ ಕುಗ್ಗಿದ ಪ್ರಶ್ನೆಗೆ ಉತ್ತರ ಕೊಟ್ಟುಬಿಟ್ಟರೆ, ಬರಗಾಲವೆಂಬ ಹೆಸರಿನ ಯಾವುದೋ ಪುಸ್ತಕವನ್ನು ಕೈಗಿತ್ತು ಕಳುಹಿಸಿದರೆ, ನಮ್ಮ ಲೆಕ್ಕದಲ್ಲಿ ಒಂದು ಎರವಲು ಹೆಚ್ಚುತ್ತದೆ. ಆ ಹುಡುಗಿಯ ಜಿಜ್ಞಾಸೆಯು ಅಲ್ಲಿಗೇ ನಂದುತ್ತದೆ. ಹಿಂದಕ್ಕೆ, ಮೂಲದ ಕಡೆಗೆ, ಪ್ರಶ್ನೆಯನ್ನು ನಡೆಸಿಕೊಂಡು ಹೋಗುವ ಈ ಸಂಭಾಷಣೆಯೇ ನಾನು ಬಲ್ಲಂತೆ ಗ್ರಂಥಪಾಲಕನ ಮೊದಲ ಪಾಠ. ಯಂತ್ರದ ಶೋಧಪಟ್ಟಿಯಲ್ಲಿ ಒಂದು ಪದವನ್ನು ಹಾಕುವವನಿಗೆ ಮರುಪ್ರಶ್ನೆಯು ಬಾರದು. ತನ್ನನ್ನು ತಾನೇ ಮರುಪ್ರಶ್ನೆ ಕೇಳಿಕೊಳ್ಳುವುದನ್ನು ಅವನಿಗೆ ಯಾರಾದರೂ ಕಲಿಸಬೇಕು.

ಅವಳ ಪ್ರಶ್ನೆಯು ಸ್ಪಷ್ಟವಾದ ಮೇಲೆ ಹುಡುಕಾಟವು ತೆರೆದುಕೊಂಡ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮಾಹಿತಿ ಕೌಶಲ್ಯವೆಂದು ನಾವು ಒಣಮಾತಿನಲ್ಲಿ ಕರೆಯುವುದರ ಜೀವಾಳವೆಲ್ಲವೂ ಅದರಲ್ಲಿ ಅಡಗಿದೆ. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಧಾತುವು ಹತ್ತನೆಯದು, ಈಶ್ವರವು ಹನ್ನೊಂದನೆಯದು. ಪ್ರಭವ ಸಂವತ್ಸರವು 1867ರ ಯುಗಾದಿಗೆ ಬಂದಿತ್ತಾದುದರಿಂದ ಧಾತುವು 1876–77 ಆಗುತ್ತದೆ, ಈಶ್ವರವು 1877–78. ಅಜ್ಜಿಯ ಮಾತು ಕ್ರಿಸ್ತಶಕದ ವರ್ಷವಾಯಿತು; ವರ್ಷವು ಸಿಕ್ಕಿದೊಡನೆ ದಾಖಲೆಗಳ ಬಾಗಿಲು ತೆರೆಯಿತು. ಅದೇ ಕ್ಷಾಮಕ್ಕೆ ಇಂಗ್ಲಿಷ್ ಗ್ರಂಥಗಳಲ್ಲಿ ಒಂದು ಕಡೆ ಮದರಾಸಿನ ಕ್ಷಾಮವೆಂದೂ ಇನ್ನೊಂದು ಕಡೆ ದಕ್ಷಿಣ ಭಾರತದ ಮಹಾಕ್ಷಾಮವೆಂದೂ ಹೆಸರಿದೆ. ಮೈಸೂರಿನ ಹೆಸರನ್ನು ಮಾತ್ರ ಹಾಕಿ ಹುಡುಕಿದವನಿಗೆ ಅರ್ಧವೂ ದೊರಕದು. ವಿಲಿಯಂ ಡಿಗ್ಬಿಯು 1878ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ ವೃತ್ತಾಂತವು ಮದರಾಸು ಮತ್ತು ಮುಂಬಯಿ ಪ್ರಾಂತಗಳ ಜೊತೆಗೆ ಮೈಸೂರನ್ನೂ ಒಳಗೊಂಡಿದೆ. ಮೈಸೂರಿನಲ್ಲಿ ಕ್ಷಾಮಪರಿಹಾರದ ಹೊಣೆ ಹೊತ್ತಿದ್ದ ಚಾರ್ಲ್ಸ್ ಎಲಿಯಟ್ ಎಂಬ ಅಧಿಕಾರಿಯ ವರದಿಯುಂಟು, 1880ರಲ್ಲಿ ಹೊರಬಂದ ಕ್ಷಾಮ ಆಯೋಗದ ವರದಿಯುಂಟು, ಜನಗಣತಿಯ ಪುಸ್ತಕಗಳುಂಟು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯು ಸುಮಾರು 50 ಲಕ್ಷ; 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಇಷ್ಟನ್ನು ನಾನೇ ಅವಳ ಮುಂದೆ ಹರಡಿಬಿಟ್ಟಿದ್ದರೆ ಅದು ಸೇವೆಯಾಗುತ್ತಿತ್ತು, ಬೋಧನೆಯಾಗುತ್ತಿರಲಿಲ್ಲ. ಬೋಧನೆಯಿದ್ದುದು ಈ ಆಕರಗಳ ಪೈಕಿ ಯಾವುದು ಯಾವುದಕ್ಕೆ ಪ್ರಮಾಣವಾಗುತ್ತದೆಂದು ವಿವೇಚಿಸುವುದರಲ್ಲಿ. ಡಿಗ್ಬಿಯು ಮದರಾಸಿನಲ್ಲಿ ಪತ್ರಿಕೆಯೊಂದರ ಸಂಪಾದಕನಾಗಿದ್ದವನು, ಕ್ಷಾಮಪರಿಹಾರದ ಸಮಿತಿಯ ಕಾರ್ಯದರ್ಶಿಯಾಗಿ ದುಡಿದವನು. ಅವನ ಕಣ್ಣಿಗೆ ಸರ್ಕಾರದ ಕೃಪಣತೆಯು ಕಂಡಷ್ಟು ಎಲಿಯಟ್ಟನ ಕಣ್ಣಿಗೆ ಕಂಡಿತೆ? ಎಲಿಯಟ್ಟನು ತಾನೇ ನಡೆಸಿದ ಆಡಳಿತದ ಚರಿತ್ರೆಯನ್ನು ಬರೆಯುವಾಗ ಯಾರಿಗಾಗಿ ಬರೆದನು? ಎರಡು ಗಣತಿಗಳ ನಡುವಣ ವ್ಯತ್ಯಾಸವನ್ನೇ ಸತ್ತವರ ಸಂಖ್ಯೆಯೆಂದು ಹೇಳಬಹುದೆ, ಅಥವಾ ಊರು ಬಿಟ್ಟು ಹೋದವರನ್ನೂ ಹುಟ್ಟದೆಯೇ ಹೋದ ಮಕ್ಕಳನ್ನೂ ಆ ಅಂಕಿಯು ಒಳಗೊಂಡಿದೆಯೆ? ಅಜ್ಜಿಯ ನೆನಪು ಇವುಗಳೆದುರಿಗೆ ತುಚ್ಛವೆ, ಅಥವಾ ವರದಿಗಳು ಹೇಳಲಾರದ್ದನ್ನು ಅದು ಹೇಳುತ್ತದೆಯೆ? ಇಪ್ಪತ್ತು ವರ್ಷದ ವಿದ್ಯಾರ್ಥಿನಿಯು ಈ ಪ್ರಶ್ನೆಗಳನ್ನು ತಾನಾಗಿಯೇ ಕೇಳತೊಡಗಿದಾಗ, ಪಾಠ ಹೇಳುವವನಿಗೆ ಅದಕ್ಕಿಂತ ಹೆಚ್ಚಿನ ಸಂತೋಷವು ಬೇರೊಂದಿಲ್ಲ.

ಕನ್ನಡದಲ್ಲಿ ಓದುವ, ಕನ್ನಡದಲ್ಲಿ ಬರೆಯುವ ವಿದ್ಯಾರ್ಥಿಯ ದಾರಿಯಲ್ಲಿ ಇನ್ನೂ ಕೆಲವು ಅಡೆತಡೆಗಳಿವೆ. ಇವನ್ನು ಪಾಶ್ಚಾತ್ಯ ಪಠ್ಯಗಳು ಹೇಳುವುದಿಲ್ಲ, ನಾವೇ ಹೇಳಬೇಕು. ‘ಬರ’ವೆಂದು ಹಾಕಿದರೆ ಯಂತ್ರವು ಬರಹವನ್ನೂ ಬರುವುದನ್ನೂ ಒಟ್ಟಿಗೆ ತಂದು ಸುರಿಯುತ್ತದೆ, ‘ಬರಗಾಲ’ವೆಂದು ಹಾಕಿದರೆ, ವಿಭಕ್ತಿಪ್ರತ್ಯಯ ಸೇರಿ ರೂಪ ಬದಲಾದ ಪದಗಳನ್ನೂ, ಕ್ಷಾಮ, ದುರ್ಭಿಕ್ಷ ಎಂದು ಬರೆದವರನ್ನೂ ಬಿಟ್ಟುಬಿಡಬಹುದು. ಇದಕ್ಕಿಂತ ಗಂಭೀರವಾದದ್ದು ಅಕ್ಷರಗಳ ತೊಡಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ, ಬಂದ ಅನಂತರವೂ ಬಹುಕಾಲ, ನಮ್ಮ ಮಹಾಪ್ರಬಂಧಗಳೂ ಸ್ಮರಣಸಂಚಿಕೆಗಳೂ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಸಂಕೇತಪದ್ಧತಿಯಲ್ಲಿ ಬೆರಳಚ್ಚಾದವು. ಕಣ್ಣಿಗೆ ಅಚ್ಚ ಕನ್ನಡವಾಗಿ ಕಾಣುವ ಆ ಪುಟಗಳು ಶೋಧಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ಛಾಯಾಚಿತ್ರ ರೂಪದಲ್ಲಿ ಏರಿಸಿದ ಪುಟಗಳಂತೂ ಅದಕ್ಕೆ ಬರಿಯ ಚಿತ್ರಗಳು. ದೇಶದ ಮಹಾಪ್ರಬಂಧಗಳನ್ನು ಸಂಗ್ರಹಿಸಿಟ್ಟಿರುವ ಶೋಧಗಂಗಾ ಭಂಡಾರದಲ್ಲಿ ಕನ್ನಡದ ಪ್ರಬಂಧಗಳಿದ್ದರೂ, ಅವುಗಳ ಒಡಲಿನ ಮಾತುಗಳನ್ನು ಹಿಡಿದು ಹುಡುಕುವುದು ಈ ಕಾರಣದಿಂದ ಎಷ್ಟೋ ಸಂದರ್ಭಗಳಲ್ಲಿ ಸಾಧ್ಯವಾಗುವುದಿಲ್ಲ. ಶೀರ್ಷಿಕೆ, ಸಂಶೋಧಕ, ಮಾರ್ಗದರ್ಶಕ, ವಿಭಾಗ ಎಂಬ ಹೊರಗಿನ ವಿವರಗಳನ್ನು ಹಿಡಿದೇ ಒಳಹೊಗಬೇಕು. ಕನ್ನಡದಲ್ಲಿ ಏನೂ ಇಲ್ಲವೆಂದು ನಿರಾಶನಾಗಿ ಎದ್ದುಹೋಗುವ ವಿದ್ಯಾರ್ಥಿಗೆ, ಇದೆ, ಆದರೆ ನೀನು ಹುಡುಕಿದ ದಾರಿಯಲ್ಲಿ ಅದು ಕಾಣದು ಎಂದು ಹೇಳಬಲ್ಲವರು ಗ್ರಂಥಾಲಯದಲ್ಲಿ ಇರಬೇಕು.

ಹೆಸರುಗಳ ವಿಚಾರವೂ ಹಾಗೆಯೇ. ಬಸವಣ್ಣನವರನ್ನು ಕುರಿತು ಹುಡುಕುವವನು ಬಸವ, ಬಸವಣ್ಣ, ಬಸವೇಶ್ವರ ಎಂಬ ಮೂರು ರೂಪಗಳನ್ನೂ, ರೋಮನ್ ಲಿಪಿಯಲ್ಲಿ ಶಕಾರವನ್ನೂ ವಕಾರವನ್ನೂ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದುದನ್ನೂ ನೆನೆಯಬೇಕು. ಕುವೆಂಪು ಅವರು ಒಂದು ಸೂಚಿಯಲ್ಲಿ ಪುಟ್ಟಪ್ಪನವರಾಗಿರುತ್ತಾರೆ, ಶ್ರೀರಂಗರು ಆದ್ಯ ರಂಗಾಚಾರ್ಯರಾಗಿರುತ್ತಾರೆ, ‘ಶ್ರೀನಿವಾಸ’ರನ್ನು ಹುಡುಕಿದವನು ಮಾಸ್ತಿಯವರನ್ನು ತಲುಪದೆಯೇ ಹೋಗಬಹುದು. ಹಿಂದಿನ ಸೂಚೀಪತ್ರದ ಚೀಟಿಗಳಲ್ಲಿ ‘ಇದನ್ನು ನೋಡಿ’ ಎಂಬ ಅಡ್ಡಸೂಚನೆಯನ್ನು ಬರೆದಿಟ್ಟ ಗ್ರಂಥಪಾಲಕನು ಈ ಕಷ್ಟವನ್ನೆಲ್ಲ ಓದುಗನ ಪರವಾಗಿ ಮುಂದಾಗಿಯೇ ಅನುಭವಿಸಿದ್ದನು. ಆರ್. ನರಸಿಂಹಾಚಾರ್ಯರು ಕರ್ನಾಟಕ ಕವಿಚರಿತೆಯ ಮೂರು ಸಂಪುಟಗಳನ್ನು 1907ರಿಂದ 1929ರವರೆಗೆ ಹೊರತಂದರಷ್ಟೆ. ಒಬ್ಬ ಕವಿಯ ಕಾಲವನ್ನು ಹೇಳುವಾಗ ಅದು ಯಾವ ಆಧಾರದ ಮೇಲಿನಿಂದ ತಿಳಿದುಬಂದಿತೆಂಬುದನ್ನೂ ಅವರು ತೋರಿಸುತ್ತ ಹೋದುದನ್ನು ನಾನು ವಿದ್ಯಾರ್ಥಿಗಳಿಗೆ ಪುಟ ತೆರೆದು ಓದಿಸುತ್ತೇನೆ. ಆಧಾರವನ್ನು ತೋರಿಸುವ ಶಿಸ್ತು ನಮಗೆ ಹೊರಗಿನಿಂದ ಬಂದ ಸರಕೆಂದು ಭಾವಿಸಿದವರಿಗೆ ಅಷ್ಟೇ ಸಾಕು.

ಮಾಹಿತಿ ಕೌಶಲ್ಯವೆಂಬ ಈ ವಿದ್ಯೆಗೆ ಇಂಗ್ಲಿಷಿನಲ್ಲಿ ಈಗಿರುವ ಹೆಸರನ್ನು 1974ರಲ್ಲಿ ಪಾಲ್ ಜುರ್ಕೋವ್‌ಸ್ಕಿ ಎಂಬಾತನು ಬಳಕೆಗೆ ತಂದನು. ಅಮೆರಿಕದ ಕಾಲೇಜು ಗ್ರಂಥಪಾಲಕರ ಸಂಘವು 2000ದಲ್ಲಿ ಇದಕ್ಕೆ ಮಾನದಂಡಗಳ ಒಂದು ಪಟ್ಟಿಯನ್ನು ಮಾಡಿ, ಅದು ಸಾಲದೆಂದು ಕಂಡು 2016ರಲ್ಲಿ ಅದನ್ನು ಬಿಟ್ಟು ಆರು ಮೂಲಕಲ್ಪನೆಗಳ ಚೌಕಟ್ಟೊಂದನ್ನು ಅಂಗೀಕರಿಸಿತು. ಅವುಗಳಲ್ಲೊಂದು, ಯಾರ ಮಾತು ಅಧಿಕಾರಯುತವೆಂಬುದು ಸಂದರ್ಭವನ್ನು ಅವಲಂಬಿಸಿದೆ ಎಂಬುದು. ನ್ಯಾಯಶಾಸ್ತ್ರವನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದು ಒಪ್ಪಿಕೊಂಡ ನೈಯಾಯಿಕರು, ಯಾರ ಶಬ್ದವೆಂಬುದನ್ನು ಬಿಗಿಯಾಗಿ ವಿಚಾರಮಾಡಿದರು: ವಿಷಯವನ್ನು ಸಾಕ್ಷಾತ್ತಾಗಿ ಅರಿತವನು, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನು, ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣವು ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಸ್ಪಷ್ಟಪಡಿಸಿದನು. ಕುಲವನ್ನೂ ಪೀಠವನ್ನೂ ಕೇಳದೆ ಅರಿವನ್ನೂ ಸತ್ಯನಿಷ್ಠೆಯನ್ನೂ ಮಾತ್ರ ಕೇಳುವ ಈ ಪರೀಕ್ಷೆಯನ್ನು ಕೈಗೆ ಬಂದ ಪ್ರತಿಯೊಂದು ಸಂದೇಶಕ್ಕೂ ಹಚ್ಚಿ ನೋಡುವಂತೆ ವಿದ್ಯಾರ್ಥಿಯನ್ನು ಸಿದ್ಧಗೊಳಿಸುವುದು ಹೇಗೆ?

ನಾನು ತರಗತಿಯಲ್ಲಿ ಒಂದು ಉದಾಹರಣೆಯನ್ನು ಆರಿಸಿಕೊಳ್ಳುತ್ತೇನೆ. ಮೆಕಾಲೆಯು 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಭಾಷಣಮಾಡಿ, ಭಾರತದ ಉದ್ದಗಲಕ್ಕೂ ಸಂಚರಿಸಿದರೂ ತನಗೆ ಒಬ್ಬ ಭಿಕ್ಷುಕನೂ ಒಬ್ಬ ಕಳ್ಳನೂ ಕಾಣಲಿಲ್ಲವೆಂದೂ, ಈ ದೇಶವನ್ನು ಗೆಲ್ಲಬೇಕಾದರೆ ಇದರ ವಿದ್ಯಾಪದ್ಧತಿಯ ಬೆನ್ನೆಲುಬನ್ನು ಮುರಿಯಬೇಕೆಂದೂ ಹೇಳಿದನೆಂಬ ಸಂದೇಶವು ವರ್ಷಗಳಿಂದ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಭಾಷಣಗಳಲ್ಲಿ ಕೇಳಿಬರುತ್ತದೆ, ಅಚ್ಚಾದ ಪುಸ್ತಕಗಳಲ್ಲಿಯೂ ಸೇರಿಕೊಂಡಿದೆ. ಇದು ನಿಜವೋ ಸುಳ್ಳೋ ಎಂದು ನಾನು ಹೇಳುವುದಿಲ್ಲ. ಮೂರು ಮೂರು ಮಂದಿಯ ಗುಂಪುಗಳನ್ನು ಮಾಡಿ, ಆ ದಿನ ಮೆಕಾಲೆಯು ಎಲ್ಲಿದ್ದನು, ಪಾರ್ಲಿಮೆಂಟು ಏನು ಮಾಡುತ್ತಿತ್ತು, ಆ ದಿನಾಂಕದ ಯಾವ ಬರಹವು ಅವನ ಹೆಸರಿನಲ್ಲಿದೆ ಎಂಬ ಮೂರು ಪ್ರಶ್ನೆಗಳನ್ನು ಹಂಚುತ್ತೇನೆ. ಮೊದಲ ಗುಂಪಿಗೆ ಅವನ ಜೀವನಚರಿತ್ರೆಯಿಂದ ತಿಳಿಯುವುದೇನೆಂದರೆ, 1834ರ ಜೂನ್ ತಿಂಗಳಲ್ಲಿ ಮದರಾಸಿನಲ್ಲಿ ಇಳಿದು, ನಮ್ಮ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳ ಮೂಲಕ ಉದಕಮಂಡಲಕ್ಕೆ ಹೋಗಿದ್ದ ಆತನು ಆ ಫೆಬ್ರವರಿಯಲ್ಲಿ ಗವರ್ನರ್ ಜನರಲ್ಲನ ಸಭೆಯ ಸದಸ್ಯನಾಗಿ ಕಲ್ಕತ್ತೆಯಲ್ಲಿದ್ದನು. ಎರಡನೆಯ ಗುಂಪು ಕಂಡುಕೊಳ್ಳುವುದು, ಹಿಂದಿನ ಪಾರ್ಲಿಮೆಂಟು 1834ರ ಡಿಸೆಂಬರಿನಲ್ಲಿಯೇ ವಿಸರ್ಜಿತವಾಗಿ, ಮಹಾಚುನಾವಣೆಯು ಫೆಬ್ರವರಿ ಮೊದಲ ವಾರದವರೆಗೂ ನಡೆದು, ಹೊಸ ಪಾರ್ಲಿಮೆಂಟು ಆ ತಿಂಗಳ 19ರಂದು ಸೇರಿತೆಂಬುದು. ಭಾಷಣಮಾಡಲು ಸಭೆಯೇ ಇರಲಿಲ್ಲ. ಮೂರನೆಯ ಗುಂಪಿನ ಕೈಗೆ ಅದೇ ದಿನಾಂಕದ ನಿಜವಾದ ಬರಹ, ಶಿಕ್ಷಣವನ್ನು ಕುರಿತ ಅವನ ಪ್ರಸಿದ್ಧ ಟಿಪ್ಪಣಿಯು ಬರುತ್ತದೆ. ಹರಿದಾಡುವ ಮಾತುಗಳು ಅದರಲ್ಲಿ ಇಲ್ಲ.

ಈ ಪಾಠದ ಅತ್ಯಂತ ಮುಖ್ಯವಾದ ಭಾಗವು ಇಲ್ಲಿಂದ ಮುಂದೆ ಬರುತ್ತದೆ. ಆ ನಿಜವಾದ ಟಿಪ್ಪಣಿಯಲ್ಲಿ ಭಾರತೀಯ ಸಾಹಿತ್ಯದ ಬಗ್ಗೆ ತೀವ್ರವಾದ ತಿರಸ್ಕಾರವಿದೆಯೆಂಬುದನ್ನು ಓದಿದ ಮೇಲೆ ಕೆಲವು ವಿದ್ಯಾರ್ಥಿಗಳು, ಹಾಗಾದರೆ ಆ ಸುಳ್ಳು ಮಾತೂ ಭಾವದಲ್ಲಿ ನಿಜವೇ ತಾನೇ ಎಂದು ವಾದಿಸುತ್ತಾರೆ. ಅವರ ವಾದವನ್ನು ನಾನು ಕಡೆಗಣಿಸುವುದಿಲ್ಲ. ಅವರ ನೋವು ಸಹಜವಾದದ್ದು. ಆದರೆ ಮೆಕಾಲೆಯೊಡನೆ ಜಗಳವಾಡಬೇಕಾದರೆ ಅವನು ಆಡಿದ ಮಾತನ್ನೇ ಹಿಡಿದು ಆಡಬೇಕು. ಆಡದ ಮಾತನ್ನು ಅವನ ಬಾಯಲ್ಲಿಟ್ಟರೆ ನಮ್ಮ ನ್ಯಾಯವಾದ ಆಕ್ಷೇಪವೂ ದುರ್ಬಲವಾಗುತ್ತದೆ. ಪೂರ್ವಪಕ್ಷವನ್ನು ಪ್ರತಿವಾದಿಯೇ ಒಪ್ಪುವಂತೆ ನಿರೂಪಿಸಿ ಆಮೇಲೆ ಖಂಡಿಸುವ ನಮ್ಮ ಶಾಸ್ತ್ರಕಾರರ ಪದ್ಧತಿಯನ್ನು ನೆನಪಿಸಿದಾಗ ತರಗತಿಯು ಶಾಂತವಾಗಿ ಯೋಚಿಸುತ್ತದೆ. ನಮಗೆ ಪ್ರಿಯವಾದ ಮಾತನ್ನು ಪರೀಕ್ಷಿಸುವುದೇ ಕಷ್ಟ. ಅಪ್ರಿಯವಾದುದನ್ನು ಎಲ್ಲರೂ ಪರೀಕ್ಷಿಸುತ್ತಾರೆ.

ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಎಂಬಿಬ್ಬರು ನಡೆಸಿದ ಅಧ್ಯಯನವೊಂದು ಇಲ್ಲಿ ನನಗೆ ಬಹಳ ಉಪಕಾರಮಾಡಿದೆ. 10 ಮಂದಿ ಇತಿಹಾಸದ ವಿದ್ವಾಂಸರು, 10 ಮಂದಿ ಸತ್ಯಶೋಧನೆಯನ್ನೇ ವೃತ್ತಿಯಾಗಿ ಉಳ್ಳವರು, 25 ಮಂದಿ ವಿದ್ಯಾರ್ಥಿಗಳು. ಇವರೆಲ್ಲರ ಮುಂದೆ ಅಪರಿಚಿತವಾದ ಜಾಲತಾಣಗಳನ್ನಿಟ್ಟು ನೋಡಿದಾಗ, ವಿದ್ವಾಂಸರೂ ವಿದ್ಯಾರ್ಥಿಗಳೂ ಬಹುಮಟ್ಟಿಗೆ ಅದೇ ತಾಣದೊಳಗೆ ಮೇಲಿನಿಂದ ಕೆಳಗೆ ಓದುತ್ತ ಅದರ ಗಂಭೀರವಾದ ಹೆಸರಿಗೂ ಅಂದವಾದ ವಿನ್ಯಾಸಕ್ಕೂ ಮರುಳಾದರೆ, ಸತ್ಯಶೋಧಕರು ಕ್ಷಣಮಾತ್ರ ನೋಡಿ ಆ ತಾಣವನ್ನೇ ಬಿಟ್ಟು ಹೊರಬಂದು, ಇದನ್ನು ಕುರಿತು ಇತರರು ಏನು ಹೇಳುತ್ತಾರೆಂದು ವಿಚಾರಿಸಿದರು. ಗಮನವಿಟ್ಟು ಪೂರ್ತಿಯಾಗಿ ಓದು ಎಂದು ಬಾಲ್ಯದಿಂದ ಕಲಿಸಿಕೊಂಡು ಬಂದ ನಮಗೆ, ಓದುವ ಮೊದಲು ಇದು ಓದತಕ್ಕದ್ದೇ ಎಂದು ಹೊರಗೆ ವಿಚಾರಿಸು ಎಂಬ ಪಾಠವು ವಿಚಿತ್ರವಾಗಿ ತೋರಬಹುದು. ಹೆಣ್ಣು ಕೊಡುವ ಮುನ್ನ ವರನ ಮನೆಯವರ ಮಾತನ್ನಷ್ಟೇ ಕೇಳದೆ ನೆರೆಹೊರೆಯಲ್ಲಿಯೂ ವಿಚಾರಿಸುತ್ತಿದ್ದ ನಮ್ಮ ಹಿರಿಯರಿಗೆ ಇದರ ತಥ್ಯವು ಚೆನ್ನಾಗಿ ಗೊತ್ತಿತ್ತು.

ಕೃತಿಚೌರ್ಯದ ವಿಷಯಕ್ಕೆ ಬಂದರೆ, ಅದನ್ನು ಕುರಿತ ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮಗಳು ಸಾಮ್ಯದ ಪ್ರಮಾಣವು ಶೇ. 10ರವರೆಗೆ ಇದ್ದರೆ ದಂಡವಿಲ್ಲವೆಂದೂ, ಅದಕ್ಕೆ ಮೀರಿದರೆ ತಿದ್ದಿ ಮರಳಿ ಒಪ್ಪಿಸತಕ್ಕದ್ದೆಂದೂ, ಶೇ. 60ನ್ನು ದಾಟಿದರೆ ಸಂಶೋಧಕನ ನೋಂದಣಿಯೇ ರದ್ದಾಗತಕ್ಕದ್ದೆಂದೂ ವಿಧಿಸಿವೆ. ನಿಯಮವು ಅವಶ್ಯಕವಾದದ್ದೇ. ಆದರೆ ತಂತ್ರಾಂಶವು ಅಳೆಯುವುದು ಮಾತುಗಳ ಹೋಲಿಕೆಯನ್ನು. ಒಬ್ಬನ ವಿಚಾರವನ್ನು ಹೆಸರು ಹೇಳದೆ ತನ್ನ ಮಾತಿನಲ್ಲಿ ಬರೆದುಕೊಂಡವನು ಅದರ ಬಲೆಗೆ ಬೀಳನು. ಸಂಶೋಧನ ವಿದ್ಯಾರ್ಥಿಗಳು ನನ್ನ ಬಳಿಗೆ ಬಂದು, “ಸಾರ್, ಪರ್ಸೆಂಟೇಜ್ ಇಳಿಸಿಕೊಡಿ” ಎಂದು ಕೇಳುವಾಗ ನನಗೆ ವ್ಯಥೆಯಾಗುತ್ತದೆ. ಇಳಿಸಬೇಕಾದದ್ದು ಆ ಅಂಕಿಯಲ್ಲವೆಂದು ಅವರಿಗೆ ಹೇಳುವವರು ಮೊದಲೇ ಯಾರೂ ಇರಲಿಲ್ಲ. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಂಶೋಧನೆಯ ನೀತಿಯನ್ನು ಕುರಿತ 30 ಗಂಟೆಗಳ ಪಾಠವನ್ನು ಆಯೋಗವು 2019ರಲ್ಲಿ ಕಡ್ಡಾಯಮಾಡಿದ್ದು ಒಳ್ಳೆಯದಾಯಿತು. ಆದರೆ ಪದವಿ ತರಗತಿಯಲ್ಲಿ ವರ್ಷಗಟ್ಟಲೆ ನಕಲುಮಾಡಿ ಬರೆದು ಅಂಕ ಪಡೆದವನಿಗೆ ಆ ಹೊತ್ತಿನಲ್ಲಿ ನೀತಿಯನ್ನು ಹೇಳುವುದು ತಡವಾಗುತ್ತದೆ.

ಇನ್ನು ಕೃತಕ ಬುದ್ಧಿಮತ್ತೆ. ಕೇಳಿದೊಡನೆ ಸುಂದರವಾದ ವಾಕ್ಯಗಳಲ್ಲಿ ಉತ್ತರವನ್ನು ಹೆಣೆದು ಕೊಡುವ ಈ ಯಂತ್ರಗಳು, ಇಲ್ಲದ ಗ್ರಂಥಗಳನ್ನೂ ಇಲ್ಲದ ಲೇಖನಗಳನ್ನೂ ಸಂಪುಟ, ಪುಟಸಂಖ್ಯೆಗಳ ಸಮೇತವಾಗಿ ಉಲ್ಲೇಖಿಸಬಲ್ಲವು. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ವಿಮಾನ ಸಂಸ್ಥೆಯ ಮೇಲಿನ ದಾವೆಯಲ್ಲಿ ವಕೀಲರು ಇಂತಹ ಕಲ್ಪಿತ ತೀರ್ಪುಗಳನ್ನು ಆಧಾರವಾಗಿ ಒಪ್ಪಿಸಿ 5,000 ಡಾಲರ್ ದಂಡಕ್ಕೆ ಗುರಿಯಾದರು. ವಕೀಲರಿಗೇ ಹೀಗಾದ ಮೇಲೆ ಹದಿನೆಂಟರ ವಿದ್ಯಾರ್ಥಿಯನ್ನು ದೂರುವುದು ನ್ಯಾಯವಲ್ಲ. ನಾನು ಅವನಿಗೆ ಯಂತ್ರವನ್ನು ಮುಟ್ಟಬೇಡವೆಂದು ಹೇಳುವುದಿಲ್ಲ. ಅದು ಕೊಟ್ಟ ಪಟ್ಟಿಯನ್ನು ಮುದ್ರಿಸಿ ತಂದು, ಒಂದೊಂದು ಉಲ್ಲೇಖವನ್ನೂ ಸೂಚಿಯಲ್ಲಿ ಹುಡುಕಿ, ಪುಸ್ತಕವಿದ್ದರೆ ಕಪಾಟಿಗೆ ಹೋಗಿ, ಆ ಪುಟವನ್ನು ತೆರೆದು, ಅಲ್ಲಿ ಆ ಮಾತು ಇದೆಯೇ ಎಂದು ನೋಡಿ ಬಾ ಎನ್ನುತ್ತೇನೆ. ಪುಸ್ತಕವಿದ್ದು ಲೇಖಕನು ನಿಜವಾದವನಾಗಿದ್ದು, ಮಾತು ಮಾತ್ರ ಇಲ್ಲದಿರುವುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಯು ಆಮೇಲೆ ಯಾವ ಉಪದೇಶವನ್ನೂ ಬೇಡುವುದಿಲ್ಲ.

ಆಕರಗಳ ಅಭಾವವನ್ನು ಹೇಳಿಕೊಂಡು ಕೂರುವ ಕಾಲವೂ ಮೊದಲಿನಂತೆ ಉಳಿದಿಲ್ಲ. ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಕೇಂದ್ರ ಸರ್ಕಾರವು 2024ರ ನವೆಂಬರಿನಲ್ಲಿ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಮಂಜೂರುಮಾಡಿ, 30 ಪ್ರಕಾಶನ ಸಂಸ್ಥೆಗಳ ಸುಮಾರು 13,000 ಸಂಶೋಧನ ಪತ್ರಿಕೆಗಳನ್ನು 6,300ಕ್ಕೆ ಮೀರಿದ ಸರ್ಕಾರಿ ಸಂಸ್ಥೆಗಳಿಗೆ ತಲುಪಿಸುವ ಏರ್ಪಾಡು ಮಾಡಿತು. ಹಿಂದೆ ಮಹಾನಗರದ ಕೆಲವೇ ಸಂಸ್ಥೆಗಳ ಸೊತ್ತಾಗಿದ್ದ ಪತ್ರಿಕೆಗಳನ್ನು ಇಂದು ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಮೇಜಿನ ಮೇಲೂ ಓದಬಹುದೆಂಬುದು ಸಾಮಾನ್ಯವಾದ ವಿಷಯವಲ್ಲ. ಆದರೆ ಆ ತಾಲ್ಲೂಕು ಕಾಲೇಜಿನಲ್ಲಿ, ಯಾವ ಲೇಖನವು ಹಿಂತೆಗೆದುಕೊಳ್ಳಲ್ಪಟ್ಟಿದೆ, ಯಾವ ಪತ್ರಿಕೆಯು ಹಣ ಪಡೆದು ಏನನ್ನಾದರೂ ಅಚ್ಚುಹಾಕುತ್ತದೆ, ಸಾರಾಂಶವನ್ನು ಮಾತ್ರ ಓದಿ ಉಲ್ಲೇಖಿಸುವುದು ಏಕೆ ತಪ್ಪು ಎಂಬುದನ್ನು ಹೇಳಿಕೊಡುವ ಗ್ರಂಥಪಾಲಕನ ಹುದ್ದೆಯು ಖಾಲಿಯಾಗಿದ್ದರೆ, ಹದಿಮೂರು ಸಾವಿರ ಪತ್ರಿಕೆಗಳಿದ್ದೂ ಏನು ಪ್ರಯೋಜನ?

ಇಂತಹ ಬೋಧನೆಗೆ ದಾರಿಯನ್ನು ತೋರಿಸಿದವರು ಇದ್ದಾರೆ. ಅಮೆರಿಕದ ಇಂಡಿಯಾನ ಪ್ರಾಂತದ ಅರ್ಲ್‌ಹ್ಯಾಮ್ ಎಂಬ ಸಣ್ಣ ಕಾಲೇಜಿನಲ್ಲಿ ಇವಾನ್ ಫಾರ್ಬರ್ ಎಂಬ ಗ್ರಂಥಪಾಲಕನು 1960ರ ದಶಕದಿಂದ ಮೊದಲುಗೊಂಡು, ಅಧ್ಯಾಪಕರ ಜೊತೆಗೆ ಕುಳಿತು ಅವರವರ ಪಾಠಕ್ಕೂ ಅವರು ಕೊಡುವ ಬರವಣಿಗೆಗೂ ಹೊಂದಿಕೊಂಡಂತೆ ಗ್ರಂಥಾಲಯದ ಬೋಧನೆಯನ್ನು ರೂಪಿಸಿದನು. ದೊಡ್ಡ ಹಣವಾಗಲಿ ದೊಡ್ಡ ಕಟ್ಟಡವಾಗಲಿ ಅದಕ್ಕೆ ಬೇಕಾಗಲಿಲ್ಲ. ಇಬ್ಬರು ಬೋಧಕರ ನಡುವಣ ಪರಸ್ಪರ ಗೌರವವು ಬೇಕಾಯಿತು. ಕ್ಯಾರಲ್ ಕುಲ್‌ಥಾವ್ ಎಂಬ ವಿದುಷಿಯು ವಿದ್ಯಾರ್ಥಿಗಳ ಹುಡುಕಾಟವನ್ನು ಹೆಜ್ಜೆ ಹೆಜ್ಜೆಗೂ ಅನುಸರಿಸಿ, ವಿಷಯವನ್ನು ಆರಿಸಿಕೊಂಡಾಗ ಹುಟ್ಟುವ ಉತ್ಸಾಹವು, ಓದುತ್ತ ಹೋದಂತೆ ಗೊಂದಲಕ್ಕೂ ಸಂಶಯಕ್ಕೂ ತಿರುಗುತ್ತದೆಂದೂ, ತನಗೊಂದು ದೃಷ್ಟಿಯು ರೂಪುಗೊಂಡ ಮೇಲೆಯೇ ಧೈರ್ಯವು ಮರಳುತ್ತದೆಂದೂ ತೋರಿಸಿಕೊಟ್ಟಳು. ಹಳ್ಳಿಯಿಂದ ಬಂದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಹತ್ತಿದ ಹುಡುಗನು ಆ ನಡುವಣ ಗೊಂದಲದಲ್ಲಿ ತನಗೇ ಬುದ್ಧಿಯಿಲ್ಲವೆಂದು ಭ್ರಮಿಸಿ ಹಿಂಜರಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇದು ಎಲ್ಲರಿಗೂ ಆಗುವುದು, ವಿದ್ವಾಂಸರಿಗೂ ಆಗುವುದು, ಇನ್ನೆರಡು ಪುಸ್ತಕ ಓದಿದರೆ ದಾರಿ ಕಾಣುವುದು ಎಂಬ ಒಂದು ಮಾತನ್ನು ಸರಿಯಾದ ಹೊತ್ತಿನಲ್ಲಿ ಹೇಳಬೇಕಾದರೆ, ಅವನು ಯಾವ ಹಂತದಲ್ಲಿದ್ದಾನೆಂಬುದು ನಮಗೆ ತಿಳಿದಿರಬೇಕು. ಅವನ ಪಾಠದೊಳಗೆ ನಮಗೆ ಪ್ರವೇಶವಿಲ್ಲದಿದ್ದರೆ ಅದು ತಿಳಿಯುವ ಬಗೆಯಿಲ್ಲ.

ಆದುದರಿಂದ ನಮ್ಮ ಕಾಲೇಜುಗಳ ಪ್ರಾಂಶುಪಾಲರನ್ನೂ ಅಧ್ಯಾಪಕ ಮಿತ್ರರನ್ನೂ ನಾನು ಕೇಳಿಕೊಳ್ಳುವುದು ಇಷ್ಟು. ವರ್ಷಾರಂಭದ ಪರಿಚಯವು ಇರಲಿ. ಅದಲ್ಲದೆ, ಪ್ರತಿಯೊಂದು ವಿಷಯದಲ್ಲಿಯೂ ಬರವಣಿಗೆಯ ಕೆಲಸವನ್ನು ಕೊಟ್ಟ ಮರುವಾರವೇ ಎರಡು ಗಂಟೆಗಳನ್ನು ಗ್ರಂಥಾಲಯಕ್ಕೆ ಮೀಸಲಿಡಬೇಕು, ಆ ಹೊತ್ತಿನಲ್ಲಿ ಅಧ್ಯಾಪಕರೂ ಅಲ್ಲಿಯೇ ಕುಳಿತಿರಬೇಕು. ಮತ್ತೆ ಎರಡು ವಾರಗಳ ಅನಂತರ, ಗೊಂದಲದ ಹಂತದಲ್ಲಿ, ಇನ್ನೊಂದು ಗಂಟೆ ಬೇಕು. ಈ ಎರಡನೆಯದನ್ನು ಬಿಡುವುದಾದರೆ ಮೊದಲನೆಯದೂ ಅಷ್ಟಾಗಿ ಫಲಿಸದು. ಪ್ರಬಂಧಕ್ಕೆ ಕೊಡುವ ಅಂಕಗಳಲ್ಲಿ ಒಂದು ಪಾಲನ್ನು ಹುಡುಕಿದ ಬಗೆಗೆ ತೆಗೆದಿಡಬೇಕು: ಯಾವ ಯಾವ ಪದಗಳಿಂದ ಹುಡುಕಿದೆ, ಎಲ್ಲಿ ಏನೂ ಸಿಕ್ಕಲಿಲ್ಲ, ಕೈಗೆ ಬಂದ ಆಕರಗಳಲ್ಲಿ ಯಾವುದನ್ನು ಏತಕ್ಕಾಗಿ ಬಿಟ್ಟೆ ಎಂಬುದನ್ನು ವಿದ್ಯಾರ್ಥಿಯು ಒಂದು ಪುಟದಲ್ಲಿ, ಕನ್ನಡದಲ್ಲಿಯೇ ಆಗಲಿ ಇಂಗ್ಲಿಷಿನಲ್ಲಿಯೇ ಆಗಲಿ, ಬರೆದು ಪ್ರಬಂಧದ ಜೊತೆಗೆ ಒಪ್ಪಿಸಬೇಕು. ಆ ಪುಟವನ್ನು ಗ್ರಂಥಪಾಲಕನು ಓದಬೇಕು. ಓದಿ, ಕೆಂಪು ಮಸಿಯಲ್ಲಿ ಅಂಕವನ್ನಷ್ಟೇ ಹಾಕದೆ, ಮುಂದಿನ ಸಲ ಎಲ್ಲಿ ನೋಡಬೇಕೆಂಬ ಒಂದು ಸೂಚನೆಯನ್ನು ಬರೆದು ಹಿಂದಕ್ಕೆ ಕೊಡಬೇಕು.